ಪೋರ್ಟಿಂಗ್ ಅಂದ್ರೇನು? ಸಿಂಪ್ಯೂಟರ್‌ನಿಂದ ರಿಸ್ಕ್-ಫೈವ್‌ವರೆಗೆ ಲಿನಕ್ಸ್‌ನ ವಲಸೆ

ಮೈಸೂರಿನ ಸಿದ್ಧಾರ್ಥನಗರದಲ್ಲಿರುವ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಿಡಿದು ಹೋದರೆ, ಕೌಂಟರ್ ಆಚೆ ಒಂದು ಕಂಪ್ಯೂಟರ್ ಇದ್ದೇ ಇರುತ್ತೆ. ಸರ್ಕಾರಿ ಕಚೇರಿಗಳಲ್ಲಿ ಲಿನಕ್ಸ್‌ನಂಥ ಸ್ವತಂತ್ರ ತಂತ್ರಾಂಶ ಬಳಸಿ ಅನ್ನೋದು ಹಳೆಯ ಬೇಡಿಕೆ. ಆದರೆ ಆ ತಂತ್ರಾಂಶ ಓಡುವ ಪ್ರೊಸೆಸರ್ ಯಾರ ಹಿಡಿತದಲ್ಲಿದೆ? ನಾಳೆ ಅದನ್ನು ಬದಲಿಸಬೇಕಾದರೆ? ಇದಕ್ಕೆ ಉತ್ತರ ಬೇಕಾದರೆ 'ಪೋರ್ಟಿಂಗ್' ಏನು ಅಂತ ತಿಳಿಯಬೇಕು.

ಏನಿದು ಪೋರ್ಟಿಂಗ್?

ಪ್ರತಿ ಪ್ರೊಸೆಸರ್ ಕುಟುಂಬಕ್ಕೂ ತನ್ನದೇ ಆದೇಶಗಳ ಭಾಷೆ ಇದೆ. ಇಂಟೆಲ್, ಎಎಂಡಿ ಚಿಪ್‌ಗಳದ್ದು ಎಕ್ಸ್86. ಬಹುತೇಕ ಮೊಬೈಲ್‌ಗಳದ್ದು ಆರ್ಮ್. ಒಂದರ ಮಾತು ಇನ್ನೊಂದಕ್ಕೆ ಅರ್ಥ ಆಗಲ್ಲ. ಆಪರೇಟಿಂಗ್ ಸಿಸ್ಟಮ್ಮನ್ನು ಹೊಸ ಕುಟುಂಬಕ್ಕೆ ಒಗ್ಗಿಸುವುದೇ ಪೋರ್ಟಿಂಗ್.

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆದದ್ದು ಇಂಟೆಲ್ 386 ಚಿಪ್‌ಗೆ. ಅದರ ಕರ್ನಲ್‌ನ ಬಹುಪಾಲು ಸಿ ಭಾಷೆಯಲ್ಲಿರುವುದರಿಂದ ಬೇರೆ ಚಿಪ್‌ಗೂ ಕಂಪೈಲ್ ಮಾಡಬಹುದು. ಆದರೆ ಬೂಟ್ ಆಗೋದು, ಮೆಮೊರಿ ನಿರ್ವಹಣೆ, ಇಂಟರಪ್ಟ್ ನಿಭಾಯಿಸೋದು ಚಿಪ್‌ಗೆ ಅಂಟಿಕೊಂಡ ಕೆಲಸಗಳು. ಈ ಭಾಗ ಹೊಸದಾಗಿ ಬರೀಬೇಕು. ಮೊದಲು ಕಂಪೈಲರ್‌ಗೆ ಹೊಸ ಭಾಷೆ ಕಲಿಸಬೇಕು, ಆಮೇಲೆ ಕರ್ನಲ್, ಸಿ ಲೈಬ್ರರಿ, ಕೊನೆಗೆ ಸಾವಿರಾರು ಪ್ಯಾಕೇಜ್‌ಗಳು.

ರಾಜಕೀಯ ಇರೋದು ಇಲ್ಲೇ. ಸೋರ್ಸ್ ಕೋಡ್ ಮುಕ್ತವಾಗಿದ್ದರೆ ಈ ಕೆಲಸಕ್ಕೆ ಯಾವ ಕಂಪನಿಯ ಅಪ್ಪಣೆಯೂ ಬೇಡ. ಮುಚ್ಚಿಟ್ಟ ಡ್ರೈವರ್ ಒಂದಿದ್ದರೂ ಸಾಕು, ಹೊಸ ಚಿಪ್‌ನಲ್ಲಿ ಆ ಸಾಧನ ಕೈಕೊಡುತ್ತೆ.

ನಮ್ಮದೇ ಉದಾಹರಣೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಜೊತೆ ಸೇರಿ ಅಗ್ಗದ ಕೈಗಂಪ್ಯೂಟರ್ 'ಸಿಂಪ್ಯೂಟರ್' ರೂಪಿಸಿದರು. 2001ರಲ್ಲಿ ಅದರ ಮಾದರಿ ಹೊರಬಂತು. ಓಡುತ್ತಿದ್ದದ್ದು ಲಿನಕ್ಸ್, ಆದರೆ ಎಕ್ಸ್86 ಮೇಲಲ್ಲ. ಇಂಟೆಲ್‌ನ 206 ಮೆಗಾಹರ್ಟ್ಸ್ ಸ್ಟ್ರಾಂಗ್‌ಆರ್ಮ್ ಚಿಪ್ ಮೇಲೆ. ಅಷ್ಟರಲ್ಲಾಗಲೇ ಬ್ರಿಟನ್ನಿನ ರಸೆಲ್ ಕಿಂಗ್ ಲಿನಕ್ಸನ್ನು ಆರ್ಮ್‌ಗೆ ಪೋರ್ಟ್ ಮಾಡಿದ್ದರು. ಯಾರೋ ಎಲ್ಲೋ ಮಾಡಿದ ಕೆಲಸ ಬೆಂಗಳೂರಿಗೆ ದಕ್ಕಿತು. ಸ್ವತಂತ್ರ ತಂತ್ರಾಂಶದ ಶಕ್ತಿಯೇ ಅದು.

2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಜೊತೆಗೂಡಿ 'ಅಮಿಡಾ ಸಿಂಪ್ಯೂಟರ್' ಮಾರುಕಟ್ಟೆಗೆ ಬಂತು. ನಿರೀಕ್ಷಿಸಿದಷ್ಟು ಮಾರಾಟ ಆಗಲಿಲ್ಲ. ಇತ್ತ ಇಂಟೆಲ್ ಸ್ಟ್ರಾಂಗ್‌ಆರ್ಮ್ ಬಿಟ್ಟು ಎಕ್ಸ್‌ಸ್ಕೇಲ್‌ಗೆ ಹೊರಳಿತು, 2006ರಲ್ಲಿ ಅದನ್ನೂ ಮಾರ್ವೆಲ್‌ಗೆ ಮಾರಿತು. ತಂತ್ರಾಂಶ ನಮ್ಮ ಕೈಲಿತ್ತು, ಚಿಪ್‌ನ ಹಣೆಬರಹ ಮಾತ್ರ ಕಂಪನಿಯ ಕೈಲಿತ್ತು.

ರಿಸ್ಕ್-ಫೈವ್ ಯಾಕೆ ಮುಖ್ಯ?

2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾದ ರಿಸ್ಕ್-ಫೈವ್‌ನಲ್ಲಿ ಆದೇಶಗಳ ಭಾಷೆಯೇ ಮುಕ್ತ; ಬಳಸಲು ರಾಯಲ್ಟಿ ಇಲ್ಲ. 2018ರ ಜನವರಿಯಲ್ಲಿ ಬಂದ ಲಿನಕ್ಸ್ 4.15ರಲ್ಲಿ ಇದಕ್ಕೆ ಜಾಗ ಸಿಕ್ಕಿತು. 2025ರ ಡೆಬಿಯನ್ 13ರಲ್ಲಿ ಅಧಿಕೃತ ಬೆಂಬಲವೂ ಬಂತು. ಐಐಟಿ ಮದ್ರಾಸ್‌ನ 'ಶಕ್ತಿ', ಸಿ-ಡ್ಯಾಕ್‌ನ 'ವೇಗ' ಇದೇ ಕುಟುಂಬದ ಪ್ರೊಸೆಸರ್‌ಗಳು.

ಹಾಗಂತ ಸ್ವಾವಲಂಬನೆ ಬಂದೇಬಿಡ್ತು ಅಂತಲ್ಲ. 2018ರಲ್ಲಿ ಲಿನಕ್ಸ್ ಓಡಿಸಿದ ಶಕ್ತಿ ಚಿಪ್ ತಯಾರಾದದ್ದು ಅಮೆರಿಕದಲ್ಲಿರುವ ಇಂಟೆಲ್ ಕಾರ್ಖಾನೆಯಲ್ಲೇ. ಭಾಷೆ ಮುಕ್ತವಾದರೂ ಅದನ್ನು ಬಳಸಿ ಮಾಡಿದ ಚಿಪ್‌ನ ವಿನ್ಯಾಸವನ್ನು ಮುಚ್ಚಿಡಬಹುದು.

ಹಾಗಾಗಿ ಸರ್ಕಾರ ಕಂಪ್ಯೂಟರ್ ಕೊಳ್ಳುವಾಗ ನಾವು ಬೆಲೆಯನ್ನಷ್ಟೇ ಕೇಳಿದರೆ ಸಾಲದು. ಸೋರ್ಸ್ ಕೋಡ್ ಕೊಡ್ತಾರಾ? ಡ್ರೈವರ್‌ಗಳು ಮುಕ್ತವಾ? ನಾಳೆ ಬೇರೆ ಪ್ರೊಸೆಸರ್ ಮೇಲೆ ಓಡಿಸೋಕೆ ಆಗುತ್ತಾ? ನಮ್ಮ ತೆರಿಗೆ ಹಣದಲ್ಲಿ ಕೊಂಡ ಯಂತ್ರದ ಬಗ್ಗೆ ಇಷ್ಟು ಕೇಳೋ ಹಕ್ಕು ನಮಗಿದೆ.