ಕಾಲಿಗೆ ತಕ್ಕ ಹಾಸಿಗೆ

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎನ್ನುತ್ತದೆ ಕನ್ನಡದ ಗಾದೆ. ಉರ್ದುವಿನಲ್ಲಿ ಅದೇ ಮಾತು 'ಜಿತ್ನೀ ಚಾದರ್ ಹೋ ಉತ್ನೇ ಪಾಂವ್ ಫೈಲಾವೋ' ಎಂದಾಗುತ್ತದೆ. ಎರಡೂ ಹೇಳುವುದು ದುಡ್ಡಿನ ಲೆಕ್ಕವನ್ನೇ. ಆದರೆ ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಬಂದವರ ಮಟ್ಟಿಗೆ ಈ ಗಾದೆ ತಲೆಕೆಳಗಾಗುತ್ತದೆ. ಅವರು ಕಾಲನ್ನು ಪೂರ್ತಿ ಚಾಚಲೇಬೇಕು. ಚಾಚದಿದ್ದರೆ ಹೊಸ ಮಂಡಿ ನೆಟ್ಟಗಾಗುವುದಿಲ್ಲ. ಅಲ್ಲಿ ಹಾಸಿಗೆಯೇ ಕಾಲಿಗೆ ತಕ್ಕಂತಿರಬೇಕು. ಲಕ್ಷಗಟ್ಟಲೆ ಖರ್ಚು ಮಾಡಿ ಮಂಡಿ ಹಾಕಿಸುವ ನಾವು ಆ ಕಾಲು ರಾತ್ರಿ ಎಲ್ಲಿ ಮಲಗುತ್ತದೆ ಎಂದು ಯೋಚಿಸುವುದು ಅಪರೂಪ. ಇದಕ್ಕೆ ಕಾರಣ ತಿಳಿಯಬೇಕಾದರೆ ಹಾಸಿಗೆಯ ಚರಿತ್ರೆಯನ್ನು ಸ್ವಲ್ಪ ಬಿಚ್ಚಿ ನೋಡಬೇಕು.

ಮನುಷ್ಯ ಹಾಸಿಗೆ ಹಾಸಿಕೊಳ್ಳಲು ಕಲಿತದ್ದು ಬೇಸಾಯ ಕಲಿಯುವುದಕ್ಕಿಂತ ಎಷ್ಟೋ ಮೊದಲು. ದಕ್ಷಿಣ ಆಫ್ರಿಕಾದ ಸಿಬುಡು ಎಂಬ ಗವಿಯಲ್ಲಿ ಸಿಕ್ಕಿದ ಜೊಂಡಿನ ಹಾಸು ಸುಮಾರು 77 ಸಾವಿರ ವರ್ಷಗಳಷ್ಟು ಹಳೆಯದು ಎಂದು 2011ರಲ್ಲಿ ಸಂಶೋಧಕರು ಪ್ರಕಟಿಸಿದರು. ಜೊಂಡಿನ ಮೇಲೆ ಕೀಟಗಳನ್ನು ದೂರವಿಡುವ ಮರದ ಎಲೆಗಳನ್ನು ಹರಡಿದ್ದರಂತೆ. ಮೆತ್ತಗಿರಬೇಕು, ಹುಳ ಕಡಿಯಬಾರದು. ಅಂದಿನ ಮನುಷ್ಯ ಬಯಸಿದ್ದು ಇಷ್ಟು.

ಇಂಗ್ಲಿಷಿನ 'ಮ್ಯಾಟ್ರೆಸ್' ಎಂಬ ಪದದ ಬೇರು ಅರಬಿಯಲ್ಲಿದೆ. 'ಮತ್ರಹ್' ಎಂದರೆ ಏನನ್ನಾದರೂ ಎಸೆಯುವ, ಹಾಸುವ ಜಾಗ. ನೆಲದ ಮೇಲೆ ಮೆತ್ತೆ ಎಸೆದು ಅದರ ಮೇಲೆ ಒರಗುವ ಅರಬರ ರೂಢಿಯಿಂದ ಬಂದ ಈ ಪದ ಇಟಲಿಯ ಮೂಲಕ ಯುರೋಪಿನ ಭಾಷೆಗಳನ್ನು ಸೇರಿತು. ಹತ್ತಿಗೆ ಇಂಗ್ಲಿಷಿನಲ್ಲಿರುವ 'ಕಾಟನ್' ಕೂಡ ಅರಬಿಯ 'ಕುತ್ನ್' ಪದದ ಮಗುವೇ. ಹತ್ತಿ ಹಿಂಜುವವನನ್ನು ಅರಬಿಯಲ್ಲಿ 'ನದ್ದಾಫ್' ಎನ್ನುತ್ತಾರೆ. ಕ್ರಿ.ಶ. 922ರಲ್ಲಿ ಬಗ್ದಾದಿನಲ್ಲಿ ಗಲ್ಲಿಗೇರಿದ ಸೂಫಿ ಮನ್ಸೂರ್ ಅಲ್-ಹಲ್ಲಾಜ್‌ರ ಹೆಸರಿನಲ್ಲಿರುವ 'ಹಲ್ಲಾಜ್' ಎಂಬುದೂ ಹತ್ತಿಯ ಕಸುಬನ್ನೇ ಸೂಚಿಸುತ್ತದೆ. ಉತ್ತರ ಭಾರತದಲ್ಲಿ ಹತ್ತಿ ಹಿಂಜುವ ಸಮುದಾಯದವರು ತಮ್ಮನ್ನು ಮನ್ಸೂರಿ ಎಂದು ಕರೆದುಕೊಳ್ಳುವುದು ಅವರ ನೆನಪಿನಲ್ಲೇ.

ನಮ್ಮ ನಾಡಿನಲ್ಲಿ ಅವರು ನದಾಫರು, ಪಿಂಜಾರರು. ಉತ್ತರ ಕರ್ನಾಟಕದ ಊರುಗಳಲ್ಲಿ ಪಿಂಜಾರ ಹೆಗಲ ಮೇಲೆ ಬಿಲ್ಲು ಹೊತ್ತು ಬರುತ್ತಿದ್ದ. ಬಿಲ್ಲಿನ ಹುರಿಯನ್ನು ಹತ್ತಿಯ ರಾಶಿಗೆ ತಾಗಿಸಿ ಮರದ ಕೊಡತಿಯಿಂದ ಮೀಟಿದರೆ ಅದು ತಂಬೂರಿಯಂತೆ ಮಿಡಿಯುತ್ತಿತ್ತು. ಗಂಟುಕಟ್ಟಿದ ಅರಳೆ ಬಿಡಿಬಿಡಿಯಾಗಿ ಮೋಡದಂತೆ ಮೇಲೇಳುತ್ತಿತ್ತು. ಅದನ್ನು ಚೀಲಕ್ಕೆ ತುಂಬಿ, ಉದ್ದ ಸೂಜಿಯಿಂದ ಅಲ್ಲಲ್ಲಿ ಟಾಕು ಹಾಕಿದರೆ ಗಾದಿ ಸಿದ್ಧ. ಕೆಲವು ವರ್ಷಗಳಲ್ಲಿ ಗಾದಿ ಮತ್ತೆ ಗಂಟುಗಟ್ಟುತ್ತಿತ್ತು, ಪಿಂಜಾರ ಮತ್ತೆ ಬರುತ್ತಿದ್ದ. ಹಾಸಿಗೆ ಎಸೆಯುವ ವಸ್ತುವಾಗಿರಲಿಲ್ಲ, ರಿಪೇರಿಯಾಗುವ ವಸ್ತುವಾಗಿತ್ತು. ಊರಿಗೆಲ್ಲ ಗಾದಿ ತುಂಬಿದವನ ಮನೆಯವರು ಮಾತ್ರ ಹೆಚ್ಚಾಗಿ ಚಾಪೆಯ ಮೇಲೆ ಮಲಗುತ್ತಿದ್ದರು.

ಇಲ್ಲಿ ಹಾಸಿಗೆಯ ಚರಿತ್ರೆಯ ಇನ್ನೊಂದು ಮಗ್ಗುಲು ಕಾಣುತ್ತದೆ. ಹಾಸಿಗೆ ಎಂದರೆ ಬರೀ ಮೆತ್ತಗಿನ ಮಾತಲ್ಲ, ಎತ್ತರದ ಮಾತು ಕೂಡ. ಫಾರ್ಸಿ, ಉರ್ದುಗಳಲ್ಲಿ 'ತಖ್ತ್' ಎಂದರೆ ಹಲಗೆಯ ಮಂಚವೂ ಹೌದು, ಬಾದಶಹನ ಸಿಂಹಾಸನವೂ ಹೌದು. ನಮ್ಮ ಕಥೆಗಳ ರಾಜರು ಹಂಸತೂಲಿಕಾತಲ್ಪದ ಮೇಲೆ ಮಲಗುತ್ತಾರೆ, ಪ್ರಜೆಗಳು ನೆಲದ ಮೇಲೆ. ಈ ನಿಯಮ ಮನೆಯೊಳಗೂ ಇತ್ತು. ಇದ್ದೊಂದು ಮಂಚ ಮನೆಯ ಯಜಮಾನನಿಗೆ, ಬಂದ ಬೀಗರಿಗೆ, ಹೊಸದಾಗಿ ಮದುವೆಯಾದವರಿಗೆ. ಒಲೆಯ ಕೆಲಸ ಮುಗಿಸಿ ಎಲ್ಲರಿಗಿಂತ ಕೊನೆಗೆ ಮಲಗುವ ಹೆಂಗಸು ಚಾಪೆ ಬಿಚ್ಚುತ್ತಿದ್ದುದು ಅಡುಗೆಮನೆಯಲ್ಲೋ ಪಡಸಾಲೆಯ ಮೂಲೆಯಲ್ಲೋ. ಬೆಳಗಾದರೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಪಾತ್ರೆ ತಿಕ್ಕುವುದು, ಬಟ್ಟೆ ಒಗೆಯುವುದು, ಕರಾವಳಿಯ ಕಡೆಯಾದರೆ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುವುದು. ಮಂಡಿ ಸವೆತ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಎನ್ನುತ್ತದೆ ವೈದ್ಯಶಾಸ್ತ್ರ. ಮಂಡಿ ಬದಲಾಯಿಸಿಕೊಳ್ಳುವವರಲ್ಲಿಯೂ ಅವರೇ ಹೆಚ್ಚು.

ಸವೆದ ಮಂಡಿಯನ್ನು ಬದಲಿಸುವ ಕನಸು ಹಳೆಯದು. 1890ರಲ್ಲಿ ಬರ್ಲಿನ್ನಿನ ವೈದ್ಯ ಥೆಮಿಸ್ಟೋಕ್ಲಿಸ್ ಗ್ಲುಕ್ ಕ್ಷಯದಿಂದ ಹಾಳಾದ ಮಂಡಿಗೆ ಆನೆದಂತದ ಕೀಲು ಜೋಡಿಸಿದ. ಬಾಗಿಲ ತಿರುಗಣಿಯಂಥ ಆ ಕೀಲುಗಳು ಸೋಂಕಿಗೆ ತುತ್ತಾಗಿ ಉಳಿಯಲಿಲ್ಲ. ಸುಮಾರು ಎಂಬತ್ತು ವರ್ಷಗಳ ಬಳಿಕ ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಕೆನಡಾದ ಫ್ರಾಂಕ್ ಗನ್‌ಸ್ಟನ್ ಲೋಹ ಮತ್ತು ಪ್ಲಾಸ್ಟಿಕ್ಕಿನ ಮಂಡಿಯನ್ನು ಎಲುಬಿಗೆ ಸಿಮೆಂಟಿನಿಂದ ಅಂಟಿಸಿದರು. 1974ರಲ್ಲಿ ನ್ಯೂಯಾರ್ಕಿನಲ್ಲಿ ಬಂದ 'ಟೋಟಲ್ ಕಾಂಡೈಲರ್' ಮಂಡಿ ಇಂದಿನ ಮಂಡಿಗಳ ಹಿರಿಯಜ್ಜಿ ಇದ್ದಂತೆ. ಅದನ್ನು ರೂಪಿಸಿದವರು ಜಾನ್ ಇನ್ಸಾಲ್, ಪೀಟರ್ ವಾಕರ್ ಮತ್ತು ಇಂದೋರಿನಲ್ಲಿ ವೈದ್ಯಕೀಯ ಕಲಿತು ಹೋದ ಚಿತ್ತರಂಜನ್ ರಾಣಾವತ್. 2000 ಮತ್ತು 2001ರಲ್ಲಿ ಮುಂಬಯಿಯಲ್ಲಿ ಆಗಿನ ಪ್ರಧಾನಿ ವಾಜಪೇಯಿಯವರ ಎರಡೂ ಮಂಡಿಗಳನ್ನು ಬದಲಿಸಿದವರು ಇದೇ ರಾಣಾವತ್. ಈ ಶಸ್ತ್ರಚಿಕಿತ್ಸೆಯ ಹೆಸರು ನಮ್ಮ ಹಳ್ಳಿಯ ಕಟ್ಟೆಗಳಿಗೂ ತಲುಪಿದ್ದು ಆ ಕಾಲದಲ್ಲಿ. 2017ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಕೃತಕ ಮಂಡಿಗಳ ಬೆಲೆಗೆ ಮಿತಿ ಹಾಕಿತು. ಒಂದೂವರೆ ಲಕ್ಷ ದಾಟಿದ್ದ ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂ ಮಂಡಿ, ತೆರಿಗೆ ಬಿಟ್ಟು, 54,720 ರೂಪಾಯಿಗೆ ಇಳಿಯಿತು. ರಾಜನ ಭಾಗ್ಯವಾಗಿದ್ದುದು ಪ್ರಜೆಗಳ ಕೈಗೂ ಬಂತು.

ಇದೇ ಶತಮಾನದಲ್ಲಿ ಹಾಸಿಗೆಯೂ ಬದಲಾಯಿತು. 1929ರಲ್ಲಿ ಡನ್‌ಲಪ್ ಕಂಪನಿಯವರು ರಬ್ಬರಿನ ಹಾಲನ್ನು ಕಡೆದು ನೊರೆಯ ಹಾಸಿಗೆಗೆ ದಾರಿ ಮಾಡಿದರು. 1937ರಲ್ಲಿ ಜರ್ಮನಿಯ ಒಟ್ಟೋ ಬೇಯರ್ ಪಾಲಿಯುರೆಥೇನ್ ಕಂಡುಹಿಡಿದ, ಇಂದಿನ ಫೋಮ್ ಹಾಸಿಗೆಗಳ ಮೂಲ ಅದು. ಮೈಯ ಅಚ್ಚನ್ನು ಹಿಡಿದಿಟ್ಟುಕೊಳ್ಳುವ 'ಮೆಮೊರಿ ಫೋಮ್' 1966ರಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ ವಿಮಾನದ ಸೀಟಿಗೆಂದು ತಯಾರಾದದ್ದು. ನಮ್ಮಲ್ಲಿ 1962ರಲ್ಲಿ ಆರಂಭವಾದ ಕರ್ಲಾನ್ ತೆಂಗಿನ ನಾರಿಗೆ ರಬ್ಬರು ಸೇರಿಸಿದ ಹಾಸಿಗೆಯನ್ನು ಮನೆಮಾತಾಗಿಸಿತು. ಪಿಂಜಾರನ ಬಿಲ್ಲು ಅಟ್ಟ ಸೇರಿತು. ಹಾಸಿಗೆಯನ್ನು ಮುಟ್ಟಿ ನೋಡಿ ಸಲಹೆ ಕೊಡುತ್ತಿದ್ದವನ ಜಾಗಕ್ಕೆ ಜಾಹೀರಾತು ಬಂತು. ಇಂದು ಅರ್ಧ ಅಂಗಡಿಯ ಹಾಸಿಗೆಗಳ ಮೇಲೆ 'ಆರ್ಥೋಪೆಡಿಕ್' ಎಂಬ ಚೀಟಿ ಇರುತ್ತದೆ. ಅದು ಮಾರುವವನ ಮಾತು, ವೈದ್ಯರ ಚೀಟಿಯಲ್ಲ.

ಹಾಗಾದರೆ ಹೊಸ ಮಂಡಿಗೆ ಬೇಕಾದದ್ದೇನು? ಮೊದಲನೆಯದು ಎತ್ತರ. ಹಾಸಿಗೆಯ ಅಂಚಿನಲ್ಲಿ ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು, ಸೊಂಟ ಮಂಡಿಗಿಂತ ತುಸು ಮೇಲಿರಬೇಕು. ನೆಲದ ಚಾಪೆಯಿಂದ ಏಳಬೇಕಾದರೆ ಮಂಡಿಯನ್ನು ಪೂರ್ತಿ ಮಡಚಿ ದೇಹದ ಭಾರವನ್ನೆಲ್ಲ ಅದರ ಮೇಲೆ ಹಾಕಬೇಕು. ಹೊಸ ಮಂಡಿಗೆ ಅದು ಆಗದ ಕೆಲಸ. ಹಾಗೆಂದು ಎತ್ತರದ ಮಂಚಕ್ಕೆ ಎಂಟು ಇಂಚಿನ ಹಾಸಿಗೆ ಹಾಕಿದರೆ ಗಿಡ್ಡ ಮೈಕಟ್ಟಿನ ಹೆಂಗಸಿನ ಕಾಲು ಗಾಳಿಯಲ್ಲಿ ತೂಗಾಡುತ್ತದೆ. ಆದ್ದರಿಂದ ಅಳತೆ ತೆಗೆಯಬೇಕಾದದ್ದು ಮಂಚದ್ದಲ್ಲ, ಮಂಚ ಮತ್ತು ಹಾಸಿಗೆ ಎರಡೂ ಸೇರಿದ ಎತ್ತರದ್ದು.

ಎರಡನೆಯದು ಬಿಗಿ. ತೀರಾ ಮೆತ್ತಗಿನ ಹಾಸಿಗೆಯಲ್ಲಿ ಸೊಂಟ ಹುಗಿದುಹೋಗುತ್ತದೆ, ಮಗ್ಗುಲು ಬದಲಿಸಲು ಕಾಲಿನಿಂದ ಒದೆಯಬೇಕಾಗುತ್ತದೆ. ಅಂಚು ಕುಸಿದರೆ ಏಳುವಾಗ ಜಾರುವ ಭಯ. ಬರೀ ಹಲಗೆಯೂ ಬೇಡ. 2003ರಲ್ಲಿ ಸ್ಪೇನಿನಲ್ಲಿ ಸೊಂಟನೋವಿನ 313 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ ಗಟ್ಟಿ ಹಾಸಿಗೆಗಿಂತ ಮಧ್ಯಮ ಬಿಗಿಯ ಹಾಸಿಗೆಯೇ ಮೇಲೆಂದು ಕಂಡುಬಂತು. ಅದು ಮಂಡಿಯ ಅಧ್ಯಯನವಲ್ಲ, ಆದರೆ ವಾರಗಟ್ಟಲೆ ಅಂಗಾತ ಮಲಗಬೇಕಾದವರ ಸೊಂಟಕ್ಕೂ ಅದು ಒಂದು ಪಾಠ. ಚೆನ್ನಾಗಿ ಹಿಂಜಿ ಬಿಗಿಯಾಗಿ ತುಂಬಿದ ಹತ್ತಿಯ ಗಾದಿಯನ್ನು ಮಂಚದ ಮೇಲೆ ಹಾಸಿದರೂ ಕೆಲಸ ನಡೆಯುತ್ತದೆ. ಹೊಸ ಹಾಸಿಗೆಗೆ ದುಡ್ಡಿಲ್ಲದವರು ಅಂಜಬೇಕಾಗಿಲ್ಲ.

ಮೂರನೆಯದು ದಿಂಬಿನ ಜಾಗ. ನೋವಿದ್ದಾಗ ಮಂಡಿಯ ಕೆಳಗೆ ದಿಂಬಿಟ್ಟರೆ ಹಾಯೆನಿಸುತ್ತದೆ. ಮನೆಯವರು ಪ್ರೀತಿಯಿಂದ ಮಾಡುವ ಕೆಲಸವೂ ಅದೇ. ಆದರೆ ರಾತ್ರಿಯೆಲ್ಲ ಮಡಚಿಯೇ ಇದ್ದ ಮಂಡಿ ಹಾಗೆಯೇ ಬಿಗಿದುಕೊಂಡು, ನೆಟ್ಟಗಾಗುವುದನ್ನು ಮರೆಯುತ್ತದೆ, ಆಮೇಲೆ ನಡಿಗೆ ಕುಂಟುತ್ತದೆ. ದಿಂಬು ಬೇಕಿದ್ದರೆ ಮೀನಖಂಡದಿಂದ ಹಿಮ್ಮಡಿಯವರೆಗೆ ಬರುವಂತೆ, ಮಂಡಿ ನೇರವಾಗಿರುವಂತೆ ಇಡಬೇಕು. ಮಗ್ಗುಲಾಗಬಹುದೆಂದು ವೈದ್ಯರು ಹೇಳಿದ ಮೇಲೆ ಆಪರೇಶನ್ ಆಗದ ಕಾಲಿನ ಕಡೆಗೆ ತಿರುಗಿ, ಎರಡೂ ಕಾಲಿನ ನಡುವೆ ದಿಂಬಿಟ್ಟು ಮಲಗಬಹುದು. ಮೊದಮೊದಲು ಬೋರಲು ಮಲಗುವುದು ಬೇಡ.

'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎನ್ನುತ್ತಾರೆ. ಶಸ್ತ್ರಚಿಕಿತ್ಸೆಯಾದವರಿಗೆ ಮೊದಲ ಕೆಲವು ವಾರ ಮನೆಯಲ್ಲೂ ನಿದ್ದೆ ಕಷ್ಟ. ಹಗಲು ಸುಮ್ಮನಿದ್ದ ನೋವು ರಾತ್ರಿ ಮಾತಾಡುತ್ತದೆ. ನೋವಿನ ಮಾತ್ರೆಯನ್ನು ಮಲಗುವ ಹೊತ್ತಿಗೆ ಹೊಂದಿಸಿಕೊಡಲು ವೈದ್ಯರನ್ನು ಕೇಳಬೇಕು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಸ್ವಲ್ಪ ಹೊತ್ತು ಇಡಬಹುದು. ಬಚ್ಚಲ ದಾರಿಯಲ್ಲಿ ದೀಪ ಉರಿಯುತ್ತಿರಲಿ, ಕಾಲಿಗೆ ಸಿಕ್ಕುವ ಜಮಖಾನೆಯನ್ನು ಸುತ್ತಿಡಿ. ಮೀನಖಂಡ ಒಮ್ಮೆಲೇ ಊದಿಕೊಂಡು ನೋಯುತ್ತಿದ್ದರೆ, ಗಾಯ ಕೆಂಪಾಗಿ ಜ್ವರ ಬಂದರೆ, ಉಸಿರು ಕಟ್ಟಿದಂತಾದರೆ ಬೆಳಗಾಗಲೆಂದು ಕಾಯಬಾರದು.

ಇಷ್ಟೆಲ್ಲ ಸರಿ, ಆದರೆ ಮಂಚ ಯಾರದು? ಅಮ್ಮನಿಗೆ ಮಂಡಿ ಹಾಕಿಸಲು ಸಾಲ ಮಾಡುವ ಮಕ್ಕಳಿದ್ದಾರೆ, ಅವರ ಪ್ರೀತಿ ದೊಡ್ಡದು. ಆದರೂ ಎಷ್ಟೋ ಮನೆಗಳಲ್ಲಿ ಮಂಚವಿರುವ ಕೋಣೆ ಮಗ ಸೊಸೆಯರದು, ಆಸ್ಪತ್ರೆಯಿಂದ ಬಂದ ಮೂರನೆಯ ವಾರಕ್ಕೆ ಅಮ್ಮ ಮತ್ತೆ ಪಡಸಾಲೆಯ ಚಾಪೆಗೆ. ಕೇಳಿದರೆ "ನನಗೆ ನೆಲವೇ ರೂಢಿ" ಎನ್ನುತ್ತಾಳೆ. ಅದು ರೂಢಿಯ ಮಾತಲ್ಲ, ಎತ್ತರದ ಜಾಗ ತನ್ನದಲ್ಲವೆಂದು ತಲೆಮಾರುಗಳಿಂದ ಕಲಿತ ಪಾಠ. ಅವಳು ಕೇಳುವವರೆಗೆ ಕಾಯಬೇಡಿ, ಅವಳು ಕೇಳುವುದಿಲ್ಲ. ಆಪರೇಶನ್ನಿನ ದಿನ ಗೊತ್ತುಮಾಡುವ ಮೊದಲೇ ಒಂದು ಟೇಪು ಹಿಡಿದು ಅವಳ ಮಂಡಿಯ ಎತ್ತರ ಅಳೆಯಿರಿ, ಆಮೇಲೆ ಮನೆಯ ಮಂಚವನ್ನು ಅಳೆಯಿರಿ, ಅದನ್ನು ಅವಳ ಹೆಸರಿಗೆ ಬರೆದುಬಿಡಿ.