ಕಾರಿನ ಎಂಜಿನ್ ಹೀಟ್ ಆದರೆ: ಮನೆಯಲ್ಲೇ ಕಾರಣ ಹುಡುಕುವ ಬಗೆ

ಭೀಮಾ ದಂಡೆಯ ಅಗರಖೇಡದಂಥ ಊರಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದು ಹೊಸದಲ್ಲ. ಹಾಗಾಗಿ ಕಾರು ಕಾದರೆ ‘ಬಿಸಲು ಭಾಳ ಐತಿ, ಹೀಟ್ ಆಗ್ತೈತಿ ಬಿಡ್ರಿ’ ಎಂದು ಸುಮ್ಮನಾಗುವವರೇ ಹೆಚ್ಚು. ಅದು ತಪ್ಪು. ಸರಿಯಿರುವ ಎಂಜಿನ್ನಿನ ಕೂಲಂಟ್ ಸುಮಾರು 90 ಡಿಗ್ರಿಯಲ್ಲೇ ತಿರುಗುತ್ತಿರುತ್ತದೆ. ಅದರ ಪಾಲಿಗೆ 42 ಡಿಗ್ರಿಯ ಗಾಳಿಯೂ ತಂಪೇ. ಹೀಟ್ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟಿತೆಂದರೆ ಒಳಗೆ ಏನೋ ಕೆಟ್ಟಿದೆ.

ಕಾವು ಹೊರಹೋಗುವ ದಾರಿ

ವಾಟರ್ ಪಂಪ್ ಕೂಲಂಟನ್ನು ಎಂಜಿನ್ ಸುತ್ತ ತಳ್ಳುತ್ತದೆ. ಅದು 80–90 ಡಿಗ್ರಿಗೆ ಕಾದಾಗ ಥರ್ಮೋಸ್ಟ್ಯಾಟ್ ಬಾಯಿ ತೆರೆದು ರೇಡಿಯೇಟರಿಗೆ ಬಿಡುತ್ತದೆ. ಮುಚ್ಚಳ ಒತ್ತಡವನ್ನು ಹಿಡಿದಿಡುವುದರಿಂದ ಕೂಲಂಟ್ ನೂರು ಡಿಗ್ರಿಗೂ ಕುದಿಯುವುದಿಲ್ಲ. ಬಿಸಿ ಇರುವಾಗ ಮುಚ್ಚಳ ತಿರುಗಿಸಿದರೆ ಆ ಒತ್ತಡವೆಲ್ಲ ಉಗಿಯಾಗಿ ಮುಖಕ್ಕೇ ಹಾರುತ್ತದೆ. ಎಂಜಿನ್ ಆರಿಸಿ ತಾಸು ಹೊತ್ತು ಕಾಯಿರಿ, ಮೇಲಿನ ಹೋಸ್ ಮುಟ್ಟಿ ತಣ್ಣಗಿದ್ದರೆ ಮಾತ್ರ ತೆಗೆಯಿರಿ.

ಮುಳ್ಳು ಏರಿದ್ದು ಯಾವಾಗ?

ಮೇಸ್ತ್ರಿ ಮೊದಲು ಕೇಳುವ ಪ್ರಶ್ನೆ ಇದೇ, ಅರ್ಧ ಉತ್ತರ ಇದರಲ್ಲೇ ಇರುತ್ತದೆ. ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ನಿಧಾನ ಸಾಗುವಾಗ ಏರಿ, ರಸ್ತೆ ಖಾಲಿಯಾದೊಡನೆ ಇಳಿದರೆ ಫ್ಯಾನಿನ ಮೇಲೆ ಅನುಮಾನ. ಎಂಜಿನ್ ಚಾಲೂ ಮಾಡಿ ಎಸಿ ಹಾಕಿ ನೋಡಿ. ಬಹುತೇಕ ಕಾರುಗಳಲ್ಲಿ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ಆಮೇಲೆ ಮೋಟಾರ್.

ವಿಜಯಪುರದ ಹೈವೇಯಲ್ಲಿ ಜೋರಾಗಿ ಓಡುವಾಗ ಏರಿದರೆ ಫ್ಯಾನಿನ ತಪ್ಪಲ್ಲ, ಆಗ ಗಾಳಿ ತಾನೇ ಬಡಿಯುತ್ತಿರುತ್ತದೆ. ರೇಡಿಯೇಟರ್ ಕಟ್ಟಿಕೊಂಡಿದೆ, ಇಲ್ಲವೇ ಪಂಪ್ ಸೋತಿದೆ. ಚಾಲೂ ಮಾಡಿದ ಕೆಲವೇ ನಿಮಿಷಕ್ಕೆ ಏರುವುದಾದರೆ ಕೂಲಂಟ್ ಕಡಿಮೆಯಾಗಿರಬೇಕು, ಅಥವಾ ಥರ್ಮೋಸ್ಟ್ಯಾಟ್ ಮುಚ್ಚಿಯೇ ಕೂತಿರಬೇಕು. ಮೇಲಿನ ಹೋಸ್ ಸುಡುತ್ತಿದ್ದು ಕೆಳಗಿನದು ತಣ್ಣಗೇ ಉಳಿದರೂ ಥರ್ಮೋಸ್ಟ್ಯಾಟ್ ಅಥವಾ ಕಟ್ಟಿಕೊಂಡ ರೇಡಿಯೇಟರ್ ಎಂದೇ ಲೆಕ್ಕ.

ಬಾನೆಟ್ ಎತ್ತಿ ನೋಡುವಾಗ

ರಾತ್ರಿ ಕಾರಿನಡಿ ಹಳೆಯ ರಟ್ಟು ಹಾಸಿಡಿ. ಬೆಳಗ್ಗೆ ಹಸಿರು ಅಥವಾ ಗುಲಾಬಿ ಹನಿ ಬಿದ್ದಿದ್ದರೆ ಸೋರಿಕೆ. ಬರೀ ನೀರಾದರೆ ಎಸಿಯದು, ಚಿಂತೆಯಿಲ್ಲ. ಮುಚ್ಚಳದ ರಬ್ಬರ್ ಉಗುರಿನಿಂದ ಒತ್ತಿ ನೋಡಿ. ಗಟ್ಟಿಯಾಗಿ ಬಿರಿದಿದ್ದರೆ ಬದಲಿಸಿ. ಕಾರಿನ ಅಗ್ಗದ ರಿಪೇರಿಗಳಲ್ಲಿ ಇದೂ ಒಂದು. ರೇಡಿಯೇಟರಿನ ಸಣ್ಣ ರೆಕ್ಕೆಗಳ ಸಂದಿಯಲ್ಲಿ ಎರೆಮಣ್ಣಿನ ಧೂಳು, ಕಬ್ಬಿನ ರವದಿ, ಹುಳ ಸಿಕ್ಕಿರುತ್ತವೆ. ಎಂಜಿನ್ ಕಡೆಯಿಂದ ಹೊರಮುಖವಾಗಿ, ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ.

ಬೋರಿನ ನೀರೇ ಕಳ್ಳ

ನನ್ನ ಲೆಕ್ಕದಲ್ಲಿ ಈ ಭಾಗದ ಕಾರುಗಳಿಗೆ ಬಿಸಿಲಿಗಿಂತ ದೊಡ್ಡ ವೈರಿ ಬೋರಿನ ನೀರು. ನೀರು ಕಾಯಿಸುವ ಹಂಡೆಯ ಒಳಗೆ ಕೈಯಾಡಿಸಿದರೆ ಬೆಳ್ಳಗೆ ಸುಣ್ಣದ ಪದರ ಸಿಗುತ್ತದಲ್ಲ, ಅದೇ ಪದರ ರೇಡಿಯೇಟರಿನ ಕಡ್ಡಿಯಂಥ ನಳಿಕೆಗಳಲ್ಲೂ ಕೂರುತ್ತದೆ. ಹಂಡೆಯನ್ನು ಉಜ್ಜಬಹುದು, ನಳಿಕೆಯನ್ನು ಉಜ್ಜಲಾಗದು. ಕೂಲಂಟಿಗೆ ಬೆರೆಸಲು ಡಿಸ್ಟಿಲ್ಡ್ ವಾಟರನ್ನೇ ಬಳಸಿ. ಸಾಮಾನ್ಯವಾಗಿ ಅರ್ಧಕ್ಕರ್ಧ ಅಳತೆ. ದಾರಿಯಲ್ಲಿ ಗತಿಯಿಲ್ಲದೆ ಬೋರಿನ ನೀರು ಹಾಕಿದ್ದರೆ ಊರು ಸೇರಿದ ಮೇಲೆ ಬಸಿದು ಬದಲಿಸಿ. ಬಸಿದ ಹಳೆಯ ಕೂಲಂಟ್ ಅಂಗಳಕ್ಕೆ ಚೆಲ್ಲಬೇಡಿ: ಅದು ಸಿಹಿ, ಆದರೆ ವಿಷ; ನಾಯಿ, ಆಡು ನೆಕ್ಕಿದರೆ ಸಾಯುತ್ತವೆ.

ಮನೆಮದ್ದು ಮುಗಿಯುವಲ್ಲಿ

ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ, ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದಿದ್ದರೆ, ಸೋರಿಕೆಯೇ ಇಲ್ಲದೆ ಕೂಲಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ತಿಳಿಯಿರಿ. ಅಂಥ ಕಾರನ್ನು ಇಂಡಿ ಪಟ್ಟಣದ ಗ್ಯಾರೇಜಿನವರೆಗೂ ಓಡಿಸಬೇಡಿ, ಎಳೆಸಿಕೊಂಡು ಹೋಗಿ. ಟೋಯಿಂಗಿನ ಬಾಡಿಗೆ ಎಷ್ಟಾದರೂ ಎಂಜಿನ್ ಬಿಚ್ಚಿ ಕಟ್ಟುವ ಖರ್ಚಿಗಿಂತ ಕಡಿಮೆಯೇ.