ಹೆಸರು ಬದಲಿಸಿದ ಪತ್ರಿಕೆಯನ್ನು ಎಲ್ಲಿ ಹುಡುಕುವುದು?

ದ್ಯುತಿವಿದ್ಯುತ್ ಪರಿಣಾಮವನ್ನು ವಿವರಿಸಿದ ಐನ್‌ಸ್ಟೈನ್ ಅವರ 1905ರ ಪ್ರಬಂಧ ಯಾವ ಸಂಪುಟದಲ್ಲಿದೆ? ಒಂದು ಪುಸ್ತಕ ‘ಅನಾಲೆನ್ ಡೆರ್ ಫಿಸಿಕ್, ಸಂಪುಟ 17, ಪುಟ 132’ ಎನ್ನುತ್ತದೆ. ಇನ್ನೊಂದರಲ್ಲಿ ‘ಸಂಪುಟ 322, ಪುಟ 132’ ಎಂದಿರುತ್ತದೆ. ಎರಡರಲ್ಲಿ ಒಂದು ಅಚ್ಚಿನ ತಪ್ಪು ಎಂದು ವಿದ್ಯಾರ್ಥಿ ಭಾವಿಸುವುದು ಸಹಜ. ಆದರೆ ಎರಡೂ ಸರಿ.

ಈ ಒಗಟಿನ ಉತ್ತರ ಆ ಪತ್ರಿಕೆಯ ಚರಿತ್ರೆಯಲ್ಲಿದೆ. 1790ರಲ್ಲಿ ಜರ್ಮನಿಯ ಹಾಲೆ ನಗರದಲ್ಲಿ ಗ್ರೆನ್ ಎಂಬ ವಿಜ್ಞಾನಿ ‘ಜರ್ನಲ್ ಡೆರ್ ಫಿಸಿಕ್’ ಎಂಬ ಪತ್ರಿಕೆ ಆರಂಭಿಸಿದರು. 1795ರಲ್ಲಿ ಅದರ ಹೆಸರಿಗೆ ‘ಹೊಸ’ ಎಂಬರ್ಥದ ಪದ ಸೇರಿತು. ಗ್ರೆನ್ ತೀರಿಕೊಂಡ ಮೇಲೆ ಗಿಲ್ಬರ್ಟ್ 1799ರಲ್ಲಿ ಅದನ್ನು ‘ಅನಾಲೆನ್ ಡೆರ್ ಫಿಸಿಕ್’ ಎಂಬ ಹೆಸರಿನಲ್ಲಿ ಮುಂದುವರಿಸಿ 76 ಸಂಪುಟ ಹೊರತಂದರು. 1824ರಲ್ಲಿ ಬಂದ ಪೊಗೆಂಡಾರ್ಫ್ ‘ಭೌತ ಮತ್ತು ರಸಾಯನ ವಿಜ್ಞಾನದ ವಾರ್ಷಿಕಿ’ ಎಂಬರ್ಥದ ಹೆಸರಿಟ್ಟು, ಮತ್ತೆ ಒಂದರಿಂದ ಎಣಿಸಿ 160 ಸಂಪುಟ ತಂದರು. 1877ರಲ್ಲಿ ವೀಡೆಮಾನ್ ಪುನಃ ಒಂದರಿಂದ ಹೊರಟು 69 ಸಂಪುಟ ಪೂರೈಸಿದರು. 1900ರಲ್ಲಿ ಡ್ರೂಡೆ ರಸಾಯನ ವಿಜ್ಞಾನವನ್ನು ಕೈಬಿಟ್ಟು ಗಿಲ್ಬರ್ಟ್ ಇಟ್ಟಿದ್ದ ಹೆಸರಿಗೇ ಮರಳಿದರು. ಸಂಪುಟ ಮತ್ತೆ ಒಂದು! ಈಗ ಕೂಡಿ ನೋಡಿ. 76, 160 ಮತ್ತು 69 ಸೇರಿದರೆ 305. ಅದಕ್ಕೆ ಡ್ರೂಡೆ ಅವರ 17 ಸೇರಿಸಿದರೆ 322.

ಇದೇ ದ್ಯುತಿವಿದ್ಯುತ್ ಪರಿಣಾಮವನ್ನು ಮೊದಲು ಗಮನಿಸಿ ವರದಿ ಮಾಡಿದ ಹರ್ಟ್ಸ್ ಅವರ 1887ರ ಪ್ರಬಂಧವೂ ಈ ಪತ್ರಿಕೆಯಲ್ಲೇ ಇದೆ. ಹಳೆಯ ಗ್ರಂಥಗಳಲ್ಲಿ ಅದು ‘ವೀಡ್. ಅನ್. 31’, ಒಟ್ಟು ಎಣಿಕೆಯಲ್ಲಿ 267. ‘ವೀಡ್.’ ಎಂದರೆ ವೀಡೆಮಾನ್. ಪತ್ರಿಕೆಯನ್ನು ಸಂಪಾದಕರ ಹೆಸರಿನಿಂದ ಕರೆಯುವುದು ಆಗಿನ ರೂಢಿ. ಇಷ್ಟು ತಿಳಿಯದೆ ಗ್ರಂಥಾಲಯದ ಸೂಚಿಯಲ್ಲಿ ‘ವೀಡ್.’ ಎಂದು ಹುಡುಕಿದವರು ಬರಿಗೈಯಲ್ಲಿ ಮರಳಬೇಕಾಗುತ್ತದೆ.

ಸೂಚಿ ತಯಾರಿಸುವವರ ಮುಂದಿದ್ದ ಪ್ರಶ್ನೆ ಇದು: ಹೀಗೆ ಹೆಸರು ಬದಲಿಸುವ ಪತ್ರಿಕೆ ಒಂದೇ ಪತ್ರಿಕೆಯೋ, ಹಲವು ಪತ್ರಿಕೆಗಳೋ? ಒಂದೇ ಎಂದರೆ, ಕಾರ್ಡನ್ನು ಯಾವ ಹೆಸರಿನಲ್ಲಿ ಬರೆಯಬೇಕು? 1908ರಲ್ಲಿ ಬ್ರಿಟನ್ ಮತ್ತು ಅಮೆರಿಕದ ಗ್ರಂಥಾಲಯ ಸಂಘಗಳು ಜಂಟಿಯಾಗಿ ಸೂಚೀಕರಣ ನಿಯಮಗಳನ್ನು ಪ್ರಕಟಿಸಿದವು. ಬಹುತೇಕ ನಿಯಮಗಳಲ್ಲಿ ಒಮ್ಮತ ಮೂಡಿದರೂ ಇಲ್ಲಿ ಮೂಡಲಿಲ್ಲ. ಬ್ರಿಟನ್ ಪತ್ರಿಕೆಯ ಮೊದಲ ಹೆಸರೇ ಇರಲಿ ಎಂದಿತು. ಅಮೆರಿಕ ಇತ್ತೀಚಿನ ಹೆಸರು ಬೇಕೆಂದಿತು.

ಮೊದಲ ಹೆಸರಿನ ಪಕ್ಷದಲ್ಲಿ ಒಂದು ಅನುಕೂಲವಿದೆ: ಬರೆದ ಕಾರ್ಡನ್ನು ತಿದ್ದಬೇಕಿಲ್ಲ. ಆದರೆ ಈ ವರ್ಷದ ಸಂಚಿಕೆ ಬೇಕಾದವರು ಎಂದೋ ಅಳಿದ ಹೆಸರಿನಡಿ ಹುಡುಕಬೇಕು. ಇತ್ತೀಚಿನ ಹೆಸರಿನ ಪಕ್ಷ ಓದುಗರಿಗೆ ಹಿತ, ಗ್ರಂಥಪಾಲಕರಿಗೆ ಕಷ್ಟ. ಹೆಸರು ಬದಲಾದಾಗಲೆಲ್ಲ ಹಳೆಯ ಕಾರ್ಡುಗಳನ್ನು ಕಿತ್ತು, ಹೊಸದಾಗಿ ಬೆರಳಚ್ಚಿಸಿ, ಎಷ್ಟೋ ಕಡೆ ಸಂಪುಟಗಳನ್ನೂ ಕಪಾಟಿನಿಂದ ಕಪಾಟಿಗೆ ಹೊರಬೇಕು. ಸಾವಿರಾರು ಪತ್ರಿಕೆ ತರಿಸುವ ಗ್ರಂಥಾಲಯದಲ್ಲಿ ಇದು ಎಂದೂ ಮುಗಿಯದ ಕೆಲಸ. ಅಮೆರಿಕದ ಕೆಲವು ಗ್ರಂಥಪಾಲಕರು ಬೇಸತ್ತು 1973ರಲ್ಲಿ ‘ಟೈಟಲ್ ವೇರೀಸ್’ ಎಂಬ ವಾರ್ತಾಪತ್ರವನ್ನೇ ಆರಂಭಿಸಿದರು. ವರ್ಷದ ಅತಿ ಕೆಟ್ಟ ಹೆಸರು ಬದಲಾವಣೆಗೆ ‘ಪ್ರಶಸ್ತಿ’ ಕೊಡುವ ಪದ್ಧತಿಯೂ ಅಲ್ಲಿ ಬಂತು. ನಗೆಯಾಟದಂತೆ ಕಂಡರೂ ದೂರು ನಿಜವಾದದ್ದೇ.

ಮೂರನೆಯ ದಾರಿ 1967ರ ಆಂಗ್ಲೋ-ಅಮೆರಿಕನ್ ನಿಯಮಾವಳಿಯಲ್ಲಿ ಗಟ್ಟಿಯಾಯಿತು. ಪ್ರತಿ ಹೆಸರಿಗೂ ಪ್ರತ್ಯೇಕ ನಮೂದು. ಆ ಹೆಸರಿನಲ್ಲಿ ಬಂದ ಸಂಪುಟಗಳಷ್ಟೇ ಅದರಲ್ಲಿ. ಹಿಂದೆ ಏನಾಗಿತ್ತು, ಮುಂದೆ ಏನಾಯಿತು ಎಂಬ ಎರಡು ಕೊಂಡಿಗಳು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ಒಪ್ಪಿದ್ದು 1971ರಲ್ಲಿ. 1975ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಎಂಟು ಅಂಕಿಗಳ ಐಎಸ್‌ಎಸ್‌ಎನ್ ಸಂಖ್ಯೆಯೂ ಇದೇ ತತ್ವದ ಮೇಲೆ ನಿಂತಿದೆ: ಹೆಸರು ಗಣನೀಯವಾಗಿ ಬದಲಾದರೆ ಹೊಸ ಸಂಖ್ಯೆ. ಭಾರತದಲ್ಲಿ ಈ ಸಂಖ್ಯೆ ನೀಡುವುದು ನವದೆಹಲಿಯ ರಾಷ್ಟ್ರೀಯ ವಿಜ್ಞಾನ ಗ್ರಂಥಾಲಯದ ಕೇಂದ್ರ.

‘ಗಣನೀಯ’ ಎಂದರೆ ಎಷ್ಟು? 1978ರ ನಿಯಮಾವಳಿ ಶೀರ್ಷಿಕೆಯ ಮೊದಲ ಐದು ಪದಗಳನ್ನು ಅಳತೆಗೋಲಾಗಿಸಿತು. ಅವುಗಳಲ್ಲಿ ಒಂದು ಬದಲಾದರೂ ಪತ್ರಿಕೆ ಹೊಸದು. ಇದು ಅತಿಯಾಯಿತೆನಿಸಿ 2002ರಲ್ಲಿ ಸಡಿಲಿಸಿದರು. ‘ಜರ್ನಲ್’, ‘ಮ್ಯಾಗಜೀನ್’ನಂತಹ ಪದ ಸೇರುವುದು, ಬಿಡುವುದು ಕಿರು ಬದಲಾವಣೆ ಎನಿಸಿತು. ಐದು ಪದಗಳ ಅಳತೆ ಇಂಗ್ಲಿಷಿಗೆ ಹೊಂದುವಂಥದ್ದು. ಒಂದೆರಡು ಪದಗಳಲ್ಲೇ ಹೆಸರು ಮುಗಿಯುವ ನಮ್ಮ ಕನ್ನಡ ಪತ್ರಿಕೆಗಳಲ್ಲಿ ‘ಮೊದಲ ಐದು’ ಎಂದರೆ ಇಡೀ ಹೆಸರೇ.

ಮೂರನೆಯ ದಾರಿ ಏಕೆ ಗೆದ್ದಿತು ಎಂಬುದನ್ನು ಬೆಂಗಳೂರಿನ ಉದಾಹರಣೆಯೊಂದು ಚೆನ್ನಾಗಿ ತೋರಿಸುತ್ತದೆ. ಸಿ.ವಿ. ರಾಮನ್ 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ‘ಪ್ರೊಸೀಡಿಂಗ್ಸ್’ ಮರುವರ್ಷವೇ ಭೌತವಿಜ್ಞಾನಗಳಿಗೆ ಎ, ಜೀವವಿಜ್ಞಾನಗಳಿಗೆ ಬಿ ಎಂದು ಎರಡಾಯಿತು. ಮುಂದೆ ವಿಷಯವಾರು ಇನ್ನಷ್ಟು ಕವಲೊಡೆಯಿತು. ಎಂಜಿನಿಯರಿಂಗ್ ಭಾಗ 1984ರಲ್ಲಿ ‘ಸಾಧನಾ’ ಆಯಿತು. ರಸಾಯನ ಭಾಗ 2004ರಲ್ಲಿ ‘ಜರ್ನಲ್ ಆಫ್ ಕೆಮಿಕಲ್ ಸೈನ್ಸಸ್’ ಆಯಿತು, ಭೂವಿಜ್ಞಾನದ ಭಾಗ 2005ರಲ್ಲಿ ‘ಜರ್ನಲ್ ಆಫ್ ಅರ್ಥ್ ಸಿಸ್ಟಮ್ ಸೈನ್ಸ್’ ಆಯಿತು. ಹೀಗಿರುವಾಗ 1935ರಲ್ಲಿ ರಾಮನ್ ಮತ್ತು ನಾಗೇಂದ್ರನಾಥ್ ಶ್ರವಣಾತೀತ ತರಂಗಗಳಿಂದ ಬೆಳಕಿನ ವಿವರ್ತನೆಯ ಬಗ್ಗೆ ಎ ವಿಭಾಗದ ಎರಡನೆಯ ಸಂಪುಟದಲ್ಲಿ ಬರೆದ ಪ್ರಬಂಧವನ್ನು ಯಾವ ‘ಇತ್ತೀಚಿನ ಹೆಸರಿನ’ ಅಡಿಯಲ್ಲಿ ಇಡುವುದು? ಮಕ್ಕಳು ಹಲವರಿದ್ದಾಗ ತಾಯಿಯನ್ನು ಒಬ್ಬರ ಹೆಸರಿನಲ್ಲಿ ಮಾತ್ರ ಗುರುತಿಸಲಾಗದು. ಪ್ರಬಂಧವನ್ನು ಉಲ್ಲೇಖಿಸಿದವರು ಅಂದಿನ ಹೆಸರನ್ನೇ ಬರೆದಿರುತ್ತಾರೆ. ಆ ಹೆಸರಿನಲ್ಲೇ ನಮೂದು ಇದ್ದರೆ ಓದುಗ ದಾರಿ ತಪ್ಪುವುದಿಲ್ಲ.

ಆದರೆ ಈ ಪದ್ಧತಿಯ ಜೀವ ಇರುವುದು ಕೊಂಡಿಗಳಲ್ಲಿ. ‘ಜರ್ನಲ್ ಆಫ್ ಕೆಮಿಕಲ್ ಸೈನ್ಸಸ್’ನ ಮೊದಲ ಸಂಪುಟದ ಸಂಖ್ಯೆ 116. ಡ್ರೂಡೆ ಎಣಿಕೆಯನ್ನು ಒಂದಕ್ಕೆ ಇಳಿಸಿದರು, ಇಲ್ಲಿ ಹೆಸರು ಹೊಸದಾದರೂ ಎಣಿಕೆ ಹಳೆಯದೇ ಮುಂದುವರಿಯಿತು. ಹಿಂದಿನ ಹೆಸರಿನ ಕೊಂಡಿಯನ್ನು ನಮೂದಿಸಲು ಮರೆತ ಗ್ರಂಥಾಲಯದಲ್ಲಿ ವಿದ್ಯಾರ್ಥಿ ಏನೆಂದುಕೊಂಡಾನು? ಮೊದಲ 115 ಸಂಪುಟಗಳನ್ನು ತರಿಸಿಯೇ ಇಲ್ಲ ಎಂದುಕೊಂಡು ಹಿಂದಿರುಗುತ್ತಾನೆ. ಅವು ‘ಪ್ರೊಸೀಡಿಂಗ್ಸ್’ ಎಂಬ ಹೆಸರಿನಲ್ಲಿ ಪಕ್ಕದ ಸಾಲಿನಲ್ಲೇ ಧೂಳು ಹಿಡಿಯುತ್ತಿರಬಹುದು. ಗಣಕೀಕೃತ ಸೂಚಿಯಲ್ಲಿ ಈ ಕೊಂಡಿಗಳಿಗೆಂದೇ 780 ಮತ್ತು 785 ಎಂಬ ಎರಡು ಕ್ಷೇತ್ರಗಳಿವೆ, ಮೊದಲನೆಯದು ಹಿಂದಿನ ಹೆಸರಿಗೆ, ಎರಡನೆಯದು ಮುಂದಿನದಕ್ಕೆ. ನಮ್ಮ ಕಾಲೇಜುಗಳ ಸೂಚಿಗಳಲ್ಲಿ ಅವು ಖಾಲಿ ಬಿದ್ದಿದ್ದರೆ, ಉಳಿದ ವಿವರ ಎಷ್ಟು ಅಚ್ಚುಕಟ್ಟಾಗಿದ್ದರೂ ಕೆಲಸ ಅರ್ಧವಾದಂತೆ.

ಕೊನೆಗೊಂದು ಮಾತು. 322 ಎಂಬ ಎಣಿಕೆ ಶುರುವಾಗುವುದು ಗಿಲ್ಬರ್ಟ್ ಅವರ 1799ರ ಮೊದಲ ಸಂಪುಟದಿಂದ. 1790ರಲ್ಲಿ ಪತ್ರಿಕೆಗೆ ಅಡಿಪಾಯ ಹಾಕಿದ ಗ್ರೆನ್ ಅವರ ಸಂಪುಟಗಳು ಆ ಲೆಕ್ಕದಲ್ಲಿ ಇಲ್ಲ. ಅವು ಸಿಗಬೇಕಾದರೆ ‘ಹಿಂದಿನ ಹೆಸರು’ ಎಂಬ ಕೊಂಡಿಯನ್ನು ಹಿಡಿದು ಎರಡು ಹೆಜ್ಜೆ ಹಿಂದೆ ಹೋಗಬೇಕು.